ಹಪ್ಪಳದ ಯಜಮಾನಿ ಮತ್ತು ವೈಶಾಖದ ಮೋಡ

“ಮುಂದೇನಾಗುತ್ತದೆ ಎಂದು ತಿಳಿಯದಿರುವಾಗ ಸರಿಯಾದ ನಿರ್ಧಾರ ಯಾವುದೆಂದು ಕಂಡುಕೊಳ್ಳುವುದು ಹೇಗೆ, ಗುರುಗಳೇ?” ಎಂದು ಪಂಚಾಕ್ಷರಿ ಕೇಳಿದ.

ಪಂಚಾಕ್ಷರಿಗೆ ಒಂದು ಊದುಬತ್ತಿ ಕಾರ್ಖಾನೆಯಿತ್ತು. ನಲವತ್ತು ಜನ ಅಲ್ಲಿ ದುಡಿಯುತ್ತಿದ್ದರು. ಅವನ ಸರಕು ಕೊಳ್ಳುತ್ತಿದ್ದ ಹಳೆಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ದೂರದ ವ್ಯಾಪಾರಿಯೊಬ್ಬ ಬಂದು, ವರ್ಷದ ಸರಕನ್ನೆಲ್ಲ ನನಗೇ ಕೊಡು ಎಂದಿದ್ದ. ಒಪ್ಪಿದರೆ ಉಳಿದ ಅಂಗಡಿಗಳೂ ಕೈತಪ್ಪುತ್ತಿದ್ದವು. ಒಪ್ಪದಿದ್ದರೆ ನಲವತ್ತು ಜನರಿಗೆ ಕೆಲಸವೇ ಇಲ್ಲದಂತಾಗಬಹುದಿತ್ತು. ಮೂರು ತಿಂಗಳಿಂದ ಅವನು ಕಂಡಕಂಡವರನ್ನೆಲ್ಲ ಕೇಳಿದ್ದ. ಜಾತಕವನ್ನೂ ತೋರಿಸಿದ್ದ.

“ಜಾತಕ ಏನು ಹೇಳಿತು?” ಎಂದರು ಗುರುಗಳು.

“ಕಾದು ನೋಡು ಎಂದಿತು.”

“ಎಷ್ಟು ದಿನ?”

“ಅದನ್ನು ಹೇಳಲಿಲ್ಲ.”

ಗುರುಗಳು ನಕ್ಕರು. “ಹಾಗಾದರೆ ಕಾಯುತ್ತಾ ಕಾಯುತ್ತಾ ಒಂದು ಕತೆಯನ್ನೂ ಕೇಳು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಹಪ್ಪಳದ ಮನೆಯೊಂದಿತ್ತು. ಅತ್ತೆ ಕಟ್ಟಿ ಬೆಳೆಸಿದ ಕಸುಬನ್ನು ಸೊಸೆ ಕೈಗೆತ್ತಿಕೊಂಡಿದ್ದಳು. ಅತ್ತೆಗೆ ಮೊಣಕಾಲು ಸೋತು ಮೆಟ್ಟಿಲು ಹತ್ತಲಾಗದೆ, ಅವರು ಜಗುಲಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದರು. ಹತ್ತು ಜನ ಹೆಂಗಸರು ಬೆಳಗ್ಗೆ ಬಂದು ಅಕ್ಕಿಹಿಟ್ಟು ಬೇಯಿಸಿ, ನಾದಿ, ಒತ್ತಿ, ಮಾಳಿಗೆಯ ಮೇಲೆ ಹಪ್ಪಳ ಹರಡುತ್ತಿದ್ದರು. ಅದು ಒಣಗಲು ಒಂದು ದಿನದ ಬಿಸಿಲು ಬೇಕು. ಮದುವೆಗಳು ಸಾಲಾಗಿ ಬರುವುದು ವೈಶಾಖದಲ್ಲಿ. ಇದ್ದಕ್ಕಿದ್ದಂತೆ ಮೋಡ ಕವಿದು ಮಳೆ ಹೊಡೆಯುವುದೂ ಅದೇ ವೈಶಾಖದಲ್ಲಿ. ಹೀಗಾಗಿ ಮೋಡ ಕಂಡಾಗ ಎತ್ತಿ ಅಥವಾ ಬಿಡಿ ಎಂದು ಹೇಳುವುದೇ ಆ ಮನೆಯ ಯಜಮಾನಿಯ ದೊಡ್ಡ ಕೆಲಸವಾಗಿತ್ತು. ಅತ್ತೆಯ ಕಾಲದಲ್ಲಿ ಒಂದು ಹಪ್ಪಳವೂ ನೆನೆಯಲಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು.

ಸೊಸೆ ಓದಿದವಳು, ಚುರುಕಿನವಳು. ಅತ್ತೆ ಬಳಸುತ್ತಿದ್ದ ಸಣ್ಣ ಸಣ್ಣ ಚಾಪೆಗಳು ಅವಳಿಗೆ ಹಿಡಿಸಲಿಲ್ಲ. ಪಂಚೆಗಳನ್ನು ಸಾಲಾಗಿ ಜೋಡಿಸಿ ಹೊಲಿಸಿ, ಮಾಳಿಗೆಯಷ್ಟೇ ಅಗಲದ ಒಂದೇ ಬಟ್ಟೆ ಮಾಡಿಸಿದಳು. ಒಂದಿಷ್ಟು ಜಾಗವೂ ಹಾಳಾಗಲಿಲ್ಲ. ದಿನಕ್ಕೆ ಇನ್ನೂರು ಹಪ್ಪಳ ಹೆಚ್ಚು ಬಂತು. ನೋಡಿದವರು ಹೊಗಳಿದರು. ಆದರೆ ಆ ಬಟ್ಟೆಯನ್ನು ಎತ್ತಬೇಕಾದರೆ ಹತ್ತೂ ಜನ ಸುತ್ತ ನಿಲ್ಲಬೇಕು. ಎತ್ತಿದರೆ ನಡುವೆ ಜೋಲು ಬಿದ್ದು, ಹಸಿ ಹಪ್ಪಳಗಳು ಒಂದರ ಮೇಲೊಂದು ಜಾರಿ ಅಂಟಿಕೊಳ್ಳುತ್ತಿದ್ದವು. ಎತ್ತಿದರೆ ಅರ್ಧ ಹೋಗುತ್ತಿತ್ತು. ಎತ್ತದೆ ಮಳೆ ಬಂದರೆ ಪೂರ್ತಿ ಹೋಗುತ್ತಿತ್ತು.

ಹಾಗಾದರೆ ಮೋಡದ ಗುಟ್ಟನ್ನೇ ತಿಳಿದುಕೊಳ್ಳಬೇಕು ಎಂದು ಸೊಸೆ ಒಂದು ನೋಟ್‌ಪುಸ್ತಕ ಇಟ್ಟಳು. ಮೋಡ ಎಷ್ಟು ಹೊತ್ತಿಗೆ ಬಂತು, ಯಾವ ದಿಕ್ಕಿನಿಂದ ಬಂತು, ಬಣ್ಣ ಎಂಥದ್ದು, ಗಾಳಿ ಹೇಗಿತ್ತು, ಕೊನೆಗೆ ಸುರಿಯಿತೇ ಇಲ್ಲವೇ ಎಂದು ಎರಡು ವೈಶಾಖ ತಪ್ಪದೆ ಬರೆದಳು. ಸೋಮವಾರ ನೈರುತ್ಯದಿಂದ ಬಂದ ಕಪ್ಪು ಮೋಡ ಊರನ್ನೇ ತೊಳೆದು ಹೋಗಿತ್ತು. ಮಂಗಳವಾರ ಅದೇ ಹೊತ್ತಿಗೆ ಅದೇ ದಿಕ್ಕಿನಿಂದ ಬಂದ ಅಂಥದ್ದೇ ಮೋಡ ಪಕ್ಕದೂರಿಗೆ ಹೋಗಿ ಸುರಿದಿತ್ತು.

“ಎತ್ತೋಣವೇ ಯಜಮಾನಿ?” ಎಂದು ಹೆಂಗಸರು ಬಟ್ಟೆಯ ಅಂಚು ಹಿಡಿದು ಕೇಳುತ್ತಿದ್ದರು.

“ಸ್ವಲ್ಪ ತಾಳಿ, ನೋಡುತ್ತಿದ್ದೇನೆ” ಎಂದು ಅವಳು ಪುಟ ತಿರುವುತ್ತಿದ್ದಳು. ಮೊದಲ ಹನಿ ಆ ಪುಟದ ಮೇಲೇ ಬೀಳುತ್ತಿತ್ತು.

ಮೂರನೆಯ ವೈಶಾಖದಲ್ಲಿ ಒಂದು ದೊಡ್ಡ ಮದುವೆಗೆ ಎರಡು ಸಾವಿರ ಹಪ್ಪಳ ಬೇಕಾಯಿತು. ಕೇಳಿದವನು ಅಡುಗೆ ಗುತ್ತಿಗೆದಾರ. ಆ ಮನೆಗೆ ಬರುತ್ತಿದ್ದ ಕೆಲಸದಲ್ಲಿ ಅರ್ಧ ಅವನಿಂದಲೇ ಬರುತ್ತಿತ್ತು. ಎರಡು ದಿನದ ಹಪ್ಪಳ ಮಳೆಗೆ ಹೋದದ್ದು ಕೇಳಿ ಅವನು ಬಂದು ಬಾಗಿಲಲ್ಲೇ ನಿಂತ.

“ಇನ್ನು ಐದು ದಿನ ಉಳಿದಿದೆ, ತಾಯಿ. ಈ ಸಲ ಕೈಕೊಟ್ಟರೆ ನಾನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ” ಎಂದು ಹೇಳಿ ಹೋದ.

ಅವನು ಬಾರದಿದ್ದರೆ ಹತ್ತು ಜನರಲ್ಲಿ ಐದು ಜನರನ್ನು ಮನೆಗೆ ಕಳಿಸಬೇಕು. ಯಾವ ಐದು ಜನ ಎಂದು ಸೊಸೆ ಮನಸ್ಸಿನಲ್ಲಿ ಆರಿಸಲು ನೋಡಿದಳು. ಮೊದಲನೆಯ ಹೆಸರಿನಿಂದ ಮುಂದೆ ಹೋಗಲಾಗಲಿಲ್ಲ. ಸಂಜೆ ಅತ್ತೆಯ ಹತ್ತಿರ ಹೋಗಿ ಕುಳಿತಳು.

“ಅತ್ತೆ, ನೀವು ಮೋಡವನ್ನು ಹೇಗೆ ತಿಳಿಯುತ್ತಿದ್ದಿರಿ? ನನಗೂ ಕಲಿಸಿ.”

“ನನಗೇನು ತಿಳಿಯುತ್ತಿತ್ತು? ಕಂಡ ಕೂಡಲೇ ಎತ್ತಿಸಿಬಿಡುತ್ತಿದ್ದೆ.”

“ಒಂದು ಹಪ್ಪಳವೂ ನೆನೆಯಲಿಲ್ಲ ಎನ್ನುತ್ತಾರಲ್ಲ.”

“ನೆನೆಯಲಿಲ್ಲ, ನಿಜ. ಆದರೆ ವಾರದಲ್ಲಿ ನಾಲ್ಕು ದಿನ ಸುಮ್ಮನೇ ಎತ್ತಿಸಿದಂತಾಗುತ್ತಿತ್ತು. ಹೆಂಗಸರು ನನ್ನನ್ನು ಬೈದುಕೊಂಡು ಚಾಪೆ ಮತ್ತೆ ಹೊರಗಿಡುತ್ತಿದ್ದರು. ನಾನೂ ಅವರ ಜೊತೆ ಸೇರಿ ನನ್ನನ್ನೇ ಬೈಯುತ್ತಿದ್ದೆ. ಆಮೇಲೆ ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದೆವು.”

ಸೊಸೆ ಮಡಿಲಲ್ಲಿದ್ದ ನೋಟ್‌ಪುಸ್ತಕ ಮುಚ್ಚಿದಳು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದರು.

“ಮೋಡ ಏನೇನು ಮಾಡಿತು ಎಂದು ಇದರಲ್ಲಿ ಬರೆದಿದ್ದೀಯಂತೆ. ಆ ಹೊತ್ತಿನಲ್ಲಿ ನೀನು ಏನು ಮಾಡಿದೆ ಅನ್ನುವುದೂ ಇದೆಯೇನೆ?”

ಇರಲಿಲ್ಲ. ಸೊಸೆ ಪೆನ್ಸಿಲ್ ಹಿಡಿದು ಕುಳಿತು, ಹಿಂದಿನ ಒಂದೊಂದು ದಿನದ ಎದುರಿಗೂ ತಾನು ಮಾಡಿದ್ದನ್ನು ಬರೆಯುತ್ತಾ ಹೋದಳು. ಕಾದೆ. ಕಾದೆ. ಕಾದೆ. ಪುಟದ ಕೆಳಗೆ ಬರುವುದರೊಳಗೆ ಅವಳಿಗೇ ನಗು ತಡೆಯಲಾಗಲಿಲ್ಲ. ಅತ್ತೆ ಕೂಡ, ಏನು ಎಂದು ಕೇಳದೆ, ಅವಳ ಜೊತೆ ನಕ್ಕರು.

ಮರುದಿನ ಬೆಳಗ್ಗೆ ಅವಳು ಕತ್ತರಿ ಹಿಡಿದು ಮಾಳಿಗೆಗೆ ಹೋದಳು.

“ಇದೇನು ಯಜಮಾನಿ?” ಎಂದಳು ಎಲ್ಲರಿಗಿಂತ ಹಿರಿಯ ಕೆಲಸದಾಕೆ. “ಈ ಬಟ್ಟೆ ಹೊಲಿಸಿದ ದಿನ ನಮಗೆಲ್ಲ ಲಾಡು ಹಂಚಿದ್ದಿರಿ.”

“ಕತ್ತರಿಸಿದ ದಿನವೂ ಹಂಚುತ್ತೇನೆ. ಆ ತುದಿ ಬಿಗಿಯಾಗಿ ಹಿಡಿ.”

ದೊಡ್ಡ ಬಟ್ಟೆ ಇಪ್ಪತ್ತೈದು ತುಂಡಾಯಿತು. ಒಂದೊಂದನ್ನೂ ಬಿದಿರಿನ ಚೌಕಟ್ಟಿಗೆ ಬಿಗಿದರು. ಇಬ್ಬರು ಹಿಡಿದರೆ ಜೋಲು ಬೀಳದೆ, ಹಪ್ಪಳ ಅಲುಗದೆ ಮಾಳಿಗೆಯ ಬದಿಯಲ್ಲಿದ್ದ ತಗಡಿನ ಚಪ್ಪರದ ಕೆಳಗೆ ಹೋಗುತ್ತಿತ್ತು. ಆದರೆ ಚೌಕಟ್ಟುಗಳ ನಡುವೆ ಓಡಾಡಲು ದಾರಿ ಬಿಡಬೇಕು. ಏಳುನೂರು ಹಿಡಿಯುತ್ತಿದ್ದ ಮಾಳಿಗೆಯಲ್ಲಿ ಈಗ ಐನೂರೇ ಹಿಡಿದವು. ಅದು ಅವಳ ಮನಸ್ಸಿಗೆ ಚುಚ್ಚದೆ ಇರಲಿಲ್ಲ. ಚೌಕಟ್ಟು ಕಟ್ಟುವುದರಲ್ಲಿ ಒಂದು ದಿನ ಹೋಗಿತ್ತು. ನಾಲ್ಕು ದಿನ, ಎರಡು ಸಾವಿರ ಹಪ್ಪಳ. ಒಂದು ದಿನವೂ ಕೆಡುವಂತಿರಲಿಲ್ಲ.

ಮೂರು ದಿನ ಹೇಗೋ ದಾಟಿತು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಮೋಡ ಬಂತು. “ಎತ್ತಿ” ಎಂದವಳೇ ಅವಳು ತಾನೇ ಒಂದು ಚೌಕಟ್ಟಿಗೆ ಕೈಹಾಕಿದಳು. ಕೊನೆಯ ಚೌಕಟ್ಟು ಚಪ್ಪರ ಸೇರುವುದರೊಳಗೆ ಬಿಸಿಲು ಬಂತು.

“ಮೋಡಕ್ಕೂ ನಮ್ಮ ಯಜಮಾನಿಯನ್ನು ಕಂಡರೆ ಭಯ” ಎಂದಳೊಬ್ಬಳು.

“ನನ್ನನ್ನಲ್ಲ, ನಿನ್ನ ಗಂಟಲನ್ನು. ಮಾತು ಸಾಕು, ಹರಡು.”

ಒಂದು ಗಂಟೆಯ ಹೊತ್ತಿಗೆ ಮತ್ತೆ ಮೋಡ, ಮತ್ತೆ ಎತ್ತಿ, ಮತ್ತೆ ಬಿಸಿಲು. “ಇವತ್ತು ಹಪ್ಪಳಕ್ಕಿಂತ ಮೊದಲು ನಾವೇ ಒಣಗುತ್ತೇವೆ” ಎಂದು ಹಿರಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಹತ್ತೂ ಜನ ನಕ್ಕರು. ಸೊಸೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಾಳಿಗೆಯ ಮೇಲಿನ ಹೆಜ್ಜೆ ಸದ್ದು ಕೇಳಿ ಕೆಳಗಿನಿಂದ ಅತ್ತೆ ಕೂಗಿದರು:

“ಎಷ್ಟನೆಯ ಸಲವೇ?”

“ಎರಡು, ಅತ್ತೆ.”

“ಇಷ್ಟಕ್ಕೇ ಸುಸ್ತಾದರೆ ಹೇಗೆ?”

ಮೂರು ಗಂಟೆಗೆ ನೈರುತ್ಯ ಕಪ್ಪಾಯಿತು. ಹಪ್ಪಳಕ್ಕೆ ಇನ್ನೊಂದು ಗಳಿಗೆಯ ಬಿಸಿಲು ಸಿಕ್ಕಿದ್ದರೆ ಚೆನ್ನಾಗಿತ್ತು. ಸೊಸೆ ಮೋಡವನ್ನು ಒಮ್ಮೆ ನೋಡಿದಳು. ನೋಟ್‌ಪುಸ್ತಕ ಎಲ್ಲಿದೆ ಎಂದು ಅವಳಿಗೆ ನೆನಪೂ ಆಗಲಿಲ್ಲ. “ಎತ್ತಿ” ಎಂದಳು. ಇಪ್ಪತ್ತೈದು ಚೌಕಟ್ಟುಗಳೂ ಒಳಗೆ ಸೇರಿದವು.

ಮರುದಿನ ಎರಡು ಸಾವಿರ ಹಪ್ಪಳ ಮದುವೆಮನೆ ಮುಟ್ಟಿತು. ತಪ್ಪು ಹುಡುಕಲೆಂದೇ ಬಂದಿದ್ದ ಗಂಡಿನ ಕಡೆಯವರು ಎಲೆಯ ಮುಂದೆ ಕೂತು ಎರಡೆರಡು ಸಲ ಹಾಕಿಸಿಕೊಂಡರು. ಗುತ್ತಿಗೆದಾರ ವಾರ ಕಳೆಯುವುದರೊಳಗೆ ಮುಂದಿನ ಮದುವೆಯ ಕೆಲಸ ಹಿಡಿದುಕೊಂಡು ಬಂದ. ಹತ್ತು ಜನರಲ್ಲಿ ಯಾರನ್ನೂ ಮನೆಗೆ ಕಳಿಸಬೇಕಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ಇಷ್ಟು ಹೊತ್ತೂ ಮುಂದಕ್ಕೆ ಬಾಗಿ ಕೇಳುತ್ತಿದ್ದ.

“ಅಲ್ಲ ಗುರುಗಳೇ, ಆ ಮೂರನೆಯ ಸಲ ಮಳೆ ಬಂತೋ ಇಲ್ಲವೋ? ಅದನ್ನು ನೀವು ಹೇಳಲೇ ಇಲ್ಲ.”

“ಹಪ್ಪಳ ತಿಂದವರು ಯಾರೂ ಅದನ್ನು ಕೇಳಲಿಲ್ಲಪ್ಪ” ಎಂದರು ಗುರುಗಳು.

“ಹಾಗಾದರೆ ವರ್ಷದ ಸರಕನ್ನೆಲ್ಲ ಒಂದೇ ಬಟ್ಟೆಯ ಮೇಲೆ ಹರಡಬೇಕಾಗಿಲ್ಲ” ಎನ್ನುತ್ತಾ ಪಂಚಾಕ್ಷರಿ ಎದ್ದು ಕಾರ್ಖಾನೆಯ ಕಡೆ ಹೊರಟ.