ಕಾಲುವೆಗೆ ಅಡ್ಡ ಕೂತ ದ್ಯಾಮವ್ವ

ಒಂದೂರಿನವರು ಹೊಳೆಯ ದಡದಲ್ಲೇ ಇದ್ದರೂ ಹೊಳೆಗೆ ಚೊಂಬು ಅದ್ದಿ ಕುಡಿಯುತ್ತಿರಲಿಲ್ಲ. ನೀರಿನಿಂದ ಹತ್ತಾರು ಮಾರು ಈಚೆಗೆ, ಮರಳಲ್ಲಿ ಗುಂಡಿ ತೋಡಿ ಒರತೆ ಮಾಡಿಕೊಂಡಿದ್ದರು. ಹೊಳೆಯ ನೀರೇ ಮರಳೊಳಗೆ ನುಸುಳಿ, ಕೊಳೆಯನ್ನೆಲ್ಲ ಅಲ್ಲೇ ಬಿಟ್ಟು, ತಿಳಿಯಾಗಿ ಒಸರುತ್ತಿತ್ತು. ಆದರೆ ಬಲು ನಿಧಾನ. ಚಿಪ್ಪಿನಲ್ಲಿ ಮೊಗೆದು ಒಂದು ಬಿಂದಿಗೆ ತುಂಬಿಸುವಷ್ಟರಲ್ಲಿ ಊರಿನ ಸುದ್ದಿ ಮುಗಿದು ಪಕ್ಕದೂರಿನ ಸುದ್ದಿ ಶುರುವಾಗುತ್ತಿತ್ತು.

ಸಾಹುಕಾರ ಪಂಪಣ್ಣನ ಮಗಳ ಮದುವೆ ಬಂತು. ಬೀಗರು ಬಂಡಿಗಟ್ಟಲೆ ಬಂದಿಳಿದರು. ಪಂಪಣ್ಣನಿಗೆ ಕಾಯುವ ವ್ಯವಧಾನ ಎಲ್ಲಿಂದ ಬರಬೇಕು?

"ಹೊಳೆಯಿಂದ ಒರತೆಗೆ ಒಂದು ಕಾಲುವೆ ಕಡೀರಿ. ಗುಂಡಿ ತಾನೇ ತುಂಬುತ್ತೆ" ಅಂದ.

ಆಳುಗಳು ಗುದ್ದಲಿ ಹಿಡಿದರು. ಸಾಹುಕಾರ ಹೇಳಿದ ಮೇಲೆ ಊರು ಬಾಯಿ ತೆಗೆಯುತ್ತದೆಯೇ? ಆಕಳಿಸುವುದಕ್ಕೂ ತೆಗೆಯಲಿಲ್ಲ.

ಆಗ ದ್ಯಾಮವ್ವ ಎಂಬ ಮುದುಕಿ ನೀರಿಗೆ ಬಂದಳು. ಮನೆಯಲ್ಲಿ ಸೊಸೆ ಹಸಿ ಬಾಣಂತಿ. ಅವಳಿಗೆ ಕುಡಿಯಲು ಇದೊಂದೇ ಒರತೆ. ದ್ಯಾಮವ್ವ ಬಿಂದಿಗೆ ಕೆಳಗಿಟ್ಟಳು. ಅರ್ಧ ಕಡಿದ ಕಾಲುವೆಗೆ ಇಳಿದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳಜ್ಜಿ" ಅಂದ ಪಂಪಣ್ಣ.

"ಏಳಲ್ಲ."

"ಅದೂ ಹೊಳೆ ನೀರು, ಇದೂ ಹೊಳೆ ನೀರು. ಅದು ತೆವಳ್ಕೊಂಡು ಬರುತ್ತೆ, ಇದು ಓಡಿ ಬರುತ್ತೆ. ಅಷ್ಟೇ."

"ಹೌದಾ ಪಂಪಣ್ಣ? ಹಂಗಾದ್ರೆ ಓಡಿ ಬರೋದ್ರಲ್ಲಿ ಒಂದು ಚೊಂಬು ನೀನು ಕುಡಿ. ನಾನು ಎದ್ದು ಹೋಗ್ತೀನಿ."

ಬೀಗರೆಲ್ಲ ನೋಡುತ್ತಿದ್ದರು. ಪಂಪಣ್ಣ ಮೀಸೆ ತಿರುವಿ ಹೊಳೆಗೆ ಚೊಂಬು ಅದ್ದಿದ. ಸ್ವಲ್ಪ ಮೇಲುಗಡೆ ಅವನದೇ ಎಮ್ಮೆಗಳು ಮೀಯುತ್ತಿದ್ದವು. ನೀರಿಗಿಳಿದ ಎಮ್ಮೆ ಬರೀ ಮೀಯುವುದಿಲ್ಲ, ನಿಮಗೂ ಗೊತ್ತು. ಪಂಪಣ್ಣ ನೀರನ್ನು ಶಲ್ಯದಲ್ಲಿ ಸೋಸಿದ. ಶಲ್ಯ ಹಸಿರಾಯಿತು, ವಾಸನೆ ಹಾಗೇ ಉಳಿಯಿತು. ಚೊಂಬು ಮೂಗಿನವರೆಗೆ ಹೋಯಿತು. ಅಲ್ಲಿಂದ ಬಾಯಿಗೆ ಇಳಿಯಲಿಲ್ಲ.

"ನಂಗೀಗ ಬಾಯಾರಿಕೆ ಇಲ್ಲ" ಅಂದ.

"ನಮ್ಮ ಬಾಣಂತಿಗೆ ಇದೆ. ನಿನ್ನ ಬೀಗರಿಗೂ ಇದೆ. ಅವರಿಗೆ ಕುಡಿಸ್ತೀಯಾ?"

ಗಂಡಿನ ಅಪ್ಪ ಮೆಲ್ಲಗೆ ಹಿಂದಕ್ಕೆ ಸರಿದ. ಪಂಪಣ್ಣನ ಮುಖ ಸಣ್ಣದಾಯಿತು. "ಕಾಲುವೆ ಮುಚ್ಚಿರೋ" ಅಂತ ಆಳುಗಳ ಮೇಲೆ ರೇಗಿದ.

"ಅವರ್‍ಯಾಕೆ ಮುಚ್ಚಬೇಕು? ಕಡೀರಿ ಅಂದ ಬಾಯಿ ನಿಂದು. ಮುಚ್ಚೋ ಕೈನೂ ನಿಂದೇ ಆಗ್ಲಿ. ಅಲ್ಲೀತನಕ ನಾನು ಇಲ್ಲೇ" ಅಂದಳು ದ್ಯಾಮವ್ವ.

ಸಾಹುಕಾರ ರೇಷ್ಮೆ ಪಂಚೆ ಎತ್ತಿ ಕಟ್ಟಿ ಮರಳು ಹೊತ್ತ. ಕೊನೆಯ ಬುಟ್ಟಿ ಸುರಿಯುವ ಹೊತ್ತಿಗೆ ಮುದುಕಿ ಎದ್ದಳು. ಸೀರೆ ಕೊಡವಿಕೊಂಡು, ಗಂಡಿನ ಅಪ್ಪನ ಕೈಗೆ ಒಂದು ಚಿಪ್ಪು ಇಟ್ಟಳು.

"ಕೂತ್ಕೊಳ್ಳಿ ಬೀಗರೇ. ಮೊದಲು ಬಾಣಂತಿ ಬಿಂದಿಗೆ. ಆಮೇಲೆ ನಿಮ್ಮ ಪಾಳಿ."

ನೀತಿ: ನಿಧಾನವಾಗಿ ಬರುವ ನೀರು ಸುಮ್ಮನೆ ತಡ ಮಾಡುತ್ತಿಲ್ಲ, ಮರಳಲ್ಲಿ ಮೈ ತೊಳೆದುಕೊಂಡು ಬರುತ್ತಿದೆ. ಅದನ್ನು ಅವಸರಪಡಿಸಲು ಬಂದವನು ಎಷ್ಟೇ ದೊಡ್ಡವನಾಗಿರಲಿ, ಕೂತ ಜಾಗ ಬಿಡಬೇಡಿ. ಅವಸರದ ನೀರಿನ ಮೊದಲ ಚೊಂಬು ಅವನ ಕೈಗೇ ಕೊಡಿ.