ಸತ್ತವರಿಬ್ಬರಲ್ಲಿ ಯಾರನ್ನು ಕೇಳಲಿ?

ವ್ಯವಹಾರ ಇಷ್ಟೇ. ಹೆಂಡತಿ ಸಹಿ ಹಾಕಿದರೆ ಗಂಡನ ಅಂಗಾಂಗಗಳು ಬೇಕಾದವರಿಗೆ ಹೋಗುತ್ತವೆ. ಹಾಕದಿದ್ದರೆ ಎಲ್ಲವೂ ಚಿತೆಗೆ. ಗಂಡನ ಮೆದುಳು ಸತ್ತಿದೆಯೇ ಎಂದು ನೋಡುವ ಎರಡನೆಯ ಪರೀಕ್ಷೆ ಸಂಜೆ. ಅದು ಮುಗಿಯುತ್ತಲೇ ಉತ್ತರ ಹೇಳಬೇಕು.

ಗಂಡ ಲಕ್ಷ್ಮೀಪತಿ ಶೆಟ್ಟಿ, ಬೆಲ್ಲದ ಮಂಡಿಯವನು. ಮೆಟ್ಟಿಲ ಮೇಲಿಂದ ಜಾರಿ ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ. ಮಕ್ಕಳಿಲ್ಲ. ತಮ್ಮನೊಬ್ಬನಿದ್ದ, ಅವನು ಮಂಡಿ ಬಿಟ್ಟು, ನದಿದಂಡೆಯ ಆಶ್ರಮದಲ್ಲಿ ಚಿದ್ಘನನೆಂಬ ಸನ್ಯಾಸಿಯಾಗಿದ್ದ.

ಹೆಂಡತಿ ವಾಸವಮ್ಮ ಆಟೋ ಮಾಡಿಕೊಂಡು ಅವನಲ್ಲಿಗೇ ಬಂದಳು.

"ಸ್ವಾಮಿಗಳೇ, ಮೆದುಳು ಸತ್ತಿದೆ, ಇನ್ನು ಮನುಷ್ಯ ಸತ್ತ ಹಾಗೇ ಅಂತಾರೆ ಡಾಕ್ಟರು. ಕೈ ಮುಟ್ಟಿದರೆ ಬೆಚ್ಚಗಿದೆ. ಎದೆ ಹೊಡ್ಕೊತಾ ಇದೆ. ಸಹಿ ಹಾಕಲೋ ಬೇಡವೋ, ನೀವೇ ಹೇಳಿ."

"ತಾಯೀ, ನಾನು ಸನ್ಯಾಸ ತೆಗೆದುಕೊಳ್ಳುವಾಗ, ಬದುಕಿರುವಾಗಲೇ ನನ್ನ ಶ್ರಾದ್ಧ ಮಾಡಿಕೊಂಡವನು. ಮಂಡಿಯ ಪಾಲು ಬಿಡುವಾಗ ವಕೀಲರು ಹೇಳಲಿಲ್ಲವೇ? ಕಾನೂನಿನ ಲೆಕ್ಕಕ್ಕೆ ನಾನು ಸತ್ತವನು. ಸತ್ತವನನ್ನು ಏನು ಕೇಳುತ್ತೀರಿ?"

ಉತ್ತರ ಅವನಿಗೇ ಹಿತವಾಯಿತು. ಭಾರ ಇಳಿದಂತಾಯಿತು.

ವಾಸವಮ್ಮ ಅವನನ್ನೇ ನೋಡಿದಳು. "ಅಲ್ಲಿ ಉಸಿರಾಡ್ತಾ ಇರೋರು ಸತ್ತಿದ್ದಾರಂತೆ. ಇಲ್ಲಿ ಮಾತಾಡ್ತಾ ಇರೋರೂ ಸತ್ತಿದ್ದಾರಂತೆ. ಈಗ ನಾನು ಇಬ್ಬರಲ್ಲಿ ಯಾರನ್ನ ಕೇಳ್ಲಿ?"

ಅಷ್ಟು ಹೇಳಿ ಜಗಲಿಯ ಮೇಲೆ ಕೂತುಬಿಟ್ಟಳು.

ಚಿದ್ಘನ ಹಿತ್ತಿಲಿಗೆ ಹೋದ. ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಗುರುಗಳೇ, ಮನುಷ್ಯ ಸತ್ತ ಎಂದು ಯಾವಾಗ ಹೇಳಬೇಕು?"

"ಯಾವ ಕೆಲಸಕ್ಕೆ?"

"ಸಾವಿಗೂ ಕೆಲಸವೇ?"

"ವಕೀಲನಿಗೆ ಪಾಲು ಮಾಡಲು ಬೇಕು. ಪುರೋಹಿತನಿಗೆ ಸೂತಕ ಎಣಿಸಲು ಬೇಕು. ಡಾಕ್ಟರಿಗೆ ಯಂತ್ರ ನಿಲ್ಲಿಸಲು ಬೇಕು. ಒಬ್ಬೊಬ್ಬರದು ಒಂದೊಂದು ತಕ್ಕಡಿ. ಯಾವುದೂ ಮೋಸದ್ದಲ್ಲ. ನಿನಗೆ ಯಾತಕ್ಕೆ?"

ಚಿದ್ಘನ ಪಕ್ಕದಲ್ಲಿ ಕೂತು ಒಂದು ಹುಣಸೆಹಣ್ಣನ್ನು ಕೈಗೆತ್ತಿಕೊಂಡ.

"ನಿನಗೆ ನೀನೇ ಪಿಂಡ ಇಟ್ಟುಕೊಂಡ ದಿನ ಹಸಿವಾಗಿತ್ತೇ?" ಎಂದು ಗುರುಗಳು ಕೇಳಿದರು.

"ಆಗಿತ್ತು."

"ಗೊತ್ತು. ಬಡಿಸಿದವನು ನಾನು. ಸಾರು ಎರಡು ಸಲ ಹಾಕಿಸಿಕೊಂಡೆ. ಮಂಡಿಗೆ ಸತ್ತೆ, ಸಾರಿಗೆ ಸಾಯಲಿಲ್ಲ. ಜಗಲಿಯಲ್ಲಿ ಕೂತಿದ್ದಾಳಲ್ಲ, ಅವಳಿಗೆ?"

ಚಿದ್ಘನ ತಲೆ ತಗ್ಗಿಸಿದ. "ನಾನು ಹೂಂ ಅಂದುಬಿಟ್ಟು, ಅಣ್ಣ ಇನ್ನೂ ಬದುಕಿದ್ದರೆ? ಅದೇ ಹೆದರಿಕೆ."

"ಈಗ ಸರಿಯಾಗಿ ಬಾಯಿ ಬಿಟ್ಟೆ. ಮಂಡಿಯಲ್ಲಿ ಅಚ್ಚುಬೆಲ್ಲವನ್ನು ರೈತನ ಮಾತಿನ ಮೇಲೆ ಕೊಳ್ಳುತ್ತಿದ್ದೆಯಾ?"

"ಇಲ್ಲ. ಒಡೆದು ನೋಡುತ್ತಿದ್ದೆ."

ಗುರುಗಳು ಮೂಲೆಯಲ್ಲಿದ್ದ ಅವನ ದಂಡವನ್ನು ತಂದು ಕೈಗಿಟ್ಟರು. "ಆಟೋ ಇನ್ನೂ ನಿಂತಿದೆ."

ಆಸ್ಪತ್ರೆಯಲ್ಲಿ ಚಿದ್ಘನ, ತನ್ನ ಕಣ್ಣೆದುರೇ ಪರೀಕ್ಷೆ ಮಾಡಬೇಕೆಂದು ಕೇಳಿದ. ಡಾಕ್ಟರು ಒಪ್ಪಿದರು. ವಾಸವಮ್ಮ ಬಾಗಿಲಲ್ಲೇ ನಿಂತಳು.

ಕಣ್ಣಿಗೆ ಬೆಳಕು ಬಿಟ್ಟರು. ಕಣ್ಣು ಮಿಸುಕಲಿಲ್ಲ. ಆಮೇಲೆ ಉಸಿರಾಟದ ಯಂತ್ರವನ್ನು ಬಿಡಿಸಿದರು. "ತಾನಾಗಿ ಒಂದು ಉಸಿರು ಎಳೆದರೂ ಸತ್ತರೆಂದು ನಾವು ಬರೆಯುವುದಿಲ್ಲ," ಎಂದರು ಡಾಕ್ಟರು.

ಚಿದ್ಘನ ಅಣ್ಣನ ಎದೆಯ ಮೇಲೆ ಕಣ್ಣು ನೆಟ್ಟ. ತಿಳಿಯದೆಯೇ ತನ್ನ ಉಸಿರನ್ನೂ ಬಿಗಿಹಿಡಿದ. ಸ್ವಲ್ಪ ಹೊತ್ತಿಗೆ ಕಿವಿ ಗುಂಯ್‌ಗುಟ್ಟಿತು. ತಡೆಯಲಾಗದೆ ಬಾಯಿಬಿಟ್ಟು ಗಾಳಿ ಎಳೆದುಕೊಂಡ.

ಅಣ್ಣನ ಎದೆ ಏಳಲಿಲ್ಲ. ಡಾಕ್ಟರು ಇನ್ನೂ ಕಾದರು. ಏಳಲಿಲ್ಲ.

ಅವನು ಬಾಗಿಲಿಗೆ ಬಂದ. "ಅತ್ತಿಗೇ, ನಾನೇ ನೋಡಿದೆ. ಅಣ್ಣ ಇಲ್ಲ. ಸಹಿ ಹಾಕಿ."

ವಾಸವಮ್ಮ ಸಹಿ ಹಾಕಿದಳು.

ದಹನ ಮುಗಿಸಿಕೊಂಡು ಚಿದ್ಘನ ಆಶ್ರಮಕ್ಕೆ ಮರಳಿದ. ಗುರುಗಳು ಸ್ನಾನಕ್ಕೆ ನದಿಗಿಳಿದಿದ್ದರು.

"ಗುರುಗಳೇ, ಪ್ರಾಯಶ್ಚಿತ್ತ ಹೇಳಿ. ಸನ್ಯಾಸಿ ಅಳಬಾರದು. ಅತ್ತಿಗೆಯ ಪಕ್ಕದಲ್ಲಿ ಕೂತು ಅತ್ತೆ."

"ಮೂರು ಮುಳುಗು ಹಾಕು, ಸಾಕು. ಮೊದಲು ಅಣ್ಣನ ಅಂಗಗಳು ಎಷ್ಟು ಜನಕ್ಕಾದವು, ಹೇಳು."

"ಹೃದಯ ಯಾರಿಗೂ ಹೊಂದಲಿಲ್ಲ. ಮೂತ್ರಪಿಂಡ ಇಬ್ಬರಿಗಾಯಿತು. ಯಕೃತ್ತು ಒಬ್ಬರಿಗೆ. ಒಟ್ಟು ಮೂರು ಜನ."

ಗುರುಗಳು ನೀರಿನಲ್ಲಿ ನಿಂತೇ ಬೆರಳು ಮಡಿಸಿದರು.

"ಇಬ್ಬರಿಗೆ ಮೂತ್ರಪಿಂಡ. ಒಬ್ಬರಿಗೆ ಯಕೃತ್ತು. ವಾಸವಮ್ಮನಿಗೆ ಒಬ್ಬ ಮೈದುನ. ನಾಲ್ಕು."