ಊರು ಅಂತ ಬರೆದ ಅಧಿಕಾರಿ

“ಬುದ್ಧಿ, ಒಂದು ಮಾತು ಕೇಳ್ಲಾ? ಮನುಷ್ಯ ಸುಳ್ಳು ಹೇಳ್ದೇ ಇದ್ರೆ ಸಾಕಲ್ವಾ? ಅಷ್ಟಾದ್ರೆ ಅವನು ಸತ್ಯವಂತನೇ ಅಲ್ವಾ?”

ಕೇಳಿದ್ದು ಗುರುಸಿದ್ದಪ್ಪ. ಅರವತ್ತು ದಾಟಿದ ಶಿಷ್ಯ. ಉತ್ತರ ಹೇಳ್ಬೇಕಾದ ಗುರುಗಳಿಗೆ ಇನ್ನೂ ಇಪ್ಪತ್ತೆಂಟು. ಕತೆ ನೆನಪಾಯ್ತು ಅಂದ್ರೆ ಅವರಿಗೆ ಕೂತಲ್ಲಿ ಕೂರೋಕಾಗಲ್ಲ. ಎದ್ದೇಬಿಟ್ರು.

ಕೇಳಿ ಗುರುಸಿದ್ದಪ್ಪನೋರೇ, ಕೇಳಿ! ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ಚುನಾವಣಾ ಅಧಿಕಾರಿ, ತ್ರಿಯಂಬಕಯ್ಯ ಅಂತ. ಇಡೀ ರಾಜ್ಯದ ಮತದಾರರ ಪಟ್ಟಿ ಅವರ ಕೈಲಿ. ಎಂಥಾ ಮನುಷ್ಯ ಅಂತೀರಾ, ಮಂತ್ರಿ ಫೋನ್ ಮಾಡಿದ್ರೂ ‘ಬರೆದು ಕಳ್ಸಿ ಸಾರ್’ ಅಂದು ಇಟ್ಟುಬಿಡೋರು! ಸುಳ್ಳು ಅನ್ನೋದು ಅವರ ಬಾಯಿಗೆ ಬಂದಿದ್ದೇ ಇಲ್ಲ.

ಆ ವರ್ಷ ಪಟ್ಟಿ ಸರಿಮಾಡೋ ಕೆಲಸ ಬಂತು. ಮನೆಮನೆಗೆ ಹೋಗಿ ಅರ್ಜಿ ತುಂಬಿಸ್ಕೊಂಡು ಬರ್ಬೇಕು. ಯಾರು ಎಲ್ಲಿ ವಾಸ ಇದ್ದಾರೋ ಅಲ್ಲಷ್ಟೇ ಓಟು, ಅಲ್ಲಿ ಇಲ್ದೋರ ಹೆಸರು ತೆಗೀಬೇಕು. ಇದು ಕಾನೂನು. ಹಳೇ ಅರ್ಜೀಲಿ ‘ಸಾಮಾನ್ಯ ವಾಸಸ್ಥಳ’ ಅಂತ ಒಂದು ಕಾಲಂ ಇತ್ತು. ಅದನ್ನ ನೋಡಿ ಅಧಿಕಾರಿಗೆ ರೇಗಿಹೋಯ್ತು. ‘ಇದೇನ್ರೀ ಇದು, ಯಾರಿಗೆ ಅರ್ಥ ಆಗತ್ತೆ? ಜನ ಮಾತಾಡೋ ಹಾಗೆ ಬರೀರಿ!’ ಅಂದ್ರು. ತಾವೇ ಪೆನ್ನು ತಗೊಂಡು ಆ ಪದ ಹೊಡೆದುಹಾಕಿ ಮೇಲೆ ಬರೆದ್ರು: ಊರು.

ಒಳ್ಳೇ ಮನಸ್ಸಿಂದಾನೇ ಬರೆದ್ರು, ಅದ್ರಲ್ಲಿ ಎರಡು ಮಾತಿಲ್ಲ.

ರಾಜಧಾನಿ ಅಂಚಲ್ಲಿ ಗಾರೆ ಕೆಲಸದವರ ಕೇರಿ ಒಂದಿತ್ತು. ಸುಣ್ಣದಗೂಡು ಅಂತ ಹೆಸರು. ಅಲ್ಲಿಗೆ ಪಟ್ಟಿ ಕೆಲಸಕ್ಕೆ ಹಾಕಿದ್ದ ಸ್ಕೂಲ್ ಮೇಷ್ಟ್ರು ಅರ್ಜಿ ಹಿಡ್ಕೊಂಡು ಹೋದ್ರು. ‘ನಿಮ್ಮೂರು ಯಾವ್ದಮ್ಮ?’ ‘ಜಾಲಿಹಾಳು ಕಣಪ್ಪಾ!’ ‘ನಿಮ್ದು ಯಜಮಾನ್ರೇ?’ ‘ಮುದ್ದನಕೆರೆ!’ ಎಲ್ರೂ ಎದೆ ಉಬ್ಬಿಸಿ ಹೇಳೋರೇ! ಮತ್ತೆ? ಊರು ಯಾವ್ದು ಅಂತ ಕೇಳಿದ್ರೆ ಯಾರಾದ್ರೂ ಮಲಗೋ ಜಾಗ ಹೇಳ್ತಾರಾ? ನೀವು ಹೇಳ್ತೀರಾ? ನಾನು ಹೇಳ್ತೀನಾ? ಮೇಷ್ಟ್ರು ಪಾಪ, ಜನ ಹೇಳಿದ್ದನ್ನ ಹಾಗ್ಹಾಗೇ ಬರ್ಕೊಂಡ್ರು. ಆಫೀಸಲ್ಲಿ ನೋಡಿದೋರು, ಓಹೋ, ಇವರ್ಯಾರೂ ಇಲ್ಲಿಯೋರಲ್ಲ ಅಂತ ಗೀಟು ಎಳೆದೇಬಿಟ್ರು. ಒಂದೇ ಕೇರೀಲಿ ಮುನ್ನೂರ ನಲವತ್ತು ಹೆಸರು ಹೋಯ್ತು!

ಆ ಕೇರೀಲಿ ಸಣ್ಣೀರಮ್ಮ ಅಂತ ಒಬ್ಬಾಕೆ. ಇಸ್ತ್ರಿ ಗಾಡಿ ಇಟ್ಕೊಂಡಿದ್ಲು. ಹೆಸರಿಲ್ಲ ಅಂತ ಗೊತ್ತಾಗಿದ್ದೇ ತಡ, ಮೇಷ್ಟ್ರನ್ನ ಅಡ್ಡ ಹಾಕಿದ್ಲು.

‘ಏನ್ ಮೇಷ್ಟ್ರೇ, ಮೂವತ್ ವರ್ಷದಿಂದ ನನ್ ಒಲೆ ಇಲ್ಲೇ ಉರೀತೈತೆ. ನನ್ನೆಸ್ರು ಯಾಕ್ ಹೊಡದ್ರಿ?’

‘ನೀವೇ ಹೇಳಿದ್ರಲ್ಲಮ್ಮಾ, ನಿಮ್ಮೂರು ಜಾಲಿಹಾಳು ಅಂತ.’

‘ಊರು ಕೇಳುದ್ರಿ, ಊರು ಹೇಳ್ದೆ. ಮನೆ ಕೇಳಿದ್ರೆ ಕೈ ಹಿಡ್ಕೊಂಡೋಗಿ ತೋರುಸ್ತಿದ್ದೆ!’

ಕೇರಿಯೋರೆಲ್ಲ ಸೇರಿ ಕೋರ್ಟಿಗೆ ಹೋದ್ರು. ಅಷ್ಟಕ್ಕೇ ನಿಂತಿದ್ರೆ ಕತೇನೇ ಇಲ್ಲ. ಕೇರಿಯ ಗೋಡೆ ಮೇಲೆ ಹಿಂದಿನ ಚುನಾವಣೆಯ ಒಂದು ಪೋಸ್ಟರ್ ಇತ್ತು. ಅದ್ರಲ್ಲಿ ಅಧಿಕಾರೀನೇ ನಗ್ತಾ ಇಂಕು ಹಚ್ಚಿದ ಬೆರಳು ತೋರಿಸ್ತಿದ್ರು. ಕೆಳಗೆ ದಪ್ಪಕ್ಷರ: ‘ನಾನು ನಮ್ಮೂರು ನೇರಲಗುಂದೀಲಿ ಓಟು ಹಾಕಿದೆ. ನೀವು?’ ಸಣ್ಣೀರಮ್ಮ ಅದನ್ನ ಹುಷಾರಾಗಿ ಕಿತ್ಕೊಂಡು ಕೇರಿಯೋರ ವಕೀಲರ ಮೇಜಿನ ಮೇಲೆ ಹಾಸಿದ್ಲು. ‘ಇವಪ್ಪಂಗೆ ಹನ್ನೊಂದು ವರ್ಷದಿಂದ ನಾನೇ ಶರ್ಟು ಇಸ್ತ್ರಿ ಮಾಡ್ತಿರಾದು. ನೇರಲಗುಂದೀಲಲ್ಲ, ಇಲ್ಲೇ, ಮೂರನೇ ಕ್ರಾಸ್‌ನಾಗೆ!’

ಆಯ್ತಲ್ಲ! ಒಂದು ಕೇಸ್ ಎರಡಾಯ್ತು. ಅಧಿಕಾರಿ ಇಪ್ಪತ್ತೆರಡು ವರ್ಷದಿಂದ ರಾಜಧಾನೀಲಿ ವಾಸ, ಓಟು ಮಾತ್ರ ನೇರಲಗುಂದೀಲಿ. ಇದು ತಪ್ಪು ಅಂತ ಸಾಬೀತಾದ್ರೆ ಕುರ್ಚಿ ಹೋಗತ್ತೆ, ಸುಳ್ಳು ವಿಳಾಸದ ಮೇಲೆ ಓಟು ಹಾಕಿದ್ರು ಅಂತ ಜೈಲೂ ಆಗಬಹುದು. ಪಟ್ಟಿ ಕಾಯೋ ಮನುಷ್ಯನ ಹೆಸರೇ ಪಟ್ಟೀಲಿ ಕಳ್ಳ ಹೆಸರು! ಪೇಪರಿನೋರು ಬಿಡ್ತಾರಾ? ಆಫೀಸಲ್ಲಿ ಇವರು ಲಿಫ್ಟ್ ಹತ್ತಿದ್ರೆ ಒಳಗಿದ್ದೋರ ಮಾತು ತಟ್ಟನೆ ನಿಲ್ತಿತ್ತು.

ಎರಡು ಕೇಸೂ ಒಬ್ಬರೇ ನ್ಯಾಯಾಧೀಶರ ಮುಂದೆ, ಒಂದೇ ದಿನ ಬಂತು. ಕೋರ್ಟಿನ ವರಾಂಡದಲ್ಲಿ ಅಧಿಕಾರಿಯ ವಕೀಲ ಅವರನ್ನ ಪಕ್ಕಕ್ಕೆ ಎಳ್ಕೊಂಡ.

‘ಸಾರ್, ಸುಳ್ಳು ಹೇಳಿ ಅಂತ ನಾನು ಹೇಳಲ್ಲ.’

‘ನೀವು ಹೇಳಿದ್ರೂ ನಾನು ಹೇಳಲ್ಲ ಕಣ್ರೀ.’

‘ಬೇಡವೇ ಬೇಡ ಸಾರ್. ಎಷ್ಟು ಕೇಳ್ತಾರೋ ಅಷ್ಟಕ್ಕೇ ಉತ್ತರ. ಆಮೇಲೆ ಬಾಯಿ ಹೊಲ್ಕೊಂಡುಬಿಡಿ.’

ಒಳಗೆ ಕೇರಿಯ ಜನ ಕೂರೋಕೆ ಜಾಗ ಇಲ್ದೇ ಗೋಡೆಗೆ ಒತ್ಕೊಂಡು ನಿಂತಿದ್ರು. ಅಧಿಕಾರಿ ಕಟಕಟೆ ಹತ್ತಿದ್ರು. ನ್ಯಾಯಾಧೀಶರು ಕನ್ನಡಕ ತೆಗೆದು ಹೇಳಿದ್ರು, ‘ಈ ಕೇರಿಯೋರು ಕೆಲಸಕ್ಕೆ ಬಂದೋರು. ನೀವೂ ಕೆಲಸಕ್ಕೆ ಬಂದೋರು. ಎಷ್ಟೇ ವರ್ಷ ಇಲ್ಲಿದ್ರೂ, ಕೆಲಸಕ್ಕೆ ಅಂತ ಬಂದಿರೋದೆಲ್ಲಿ, ವಾಸ ಎಲ್ಲಿ ಅನ್ನೋದಕ್ಕೆ ಕಾನೂನಲ್ಲಿ ಅವರವರ ಬಾಯಿಮಾತೇ ಆಧಾರ. ಅವರು ಈ ಅರ್ಜೀಲಿ ಊರು ಹೇಳಿದ್ದಾರೆ. ಊರು ಅಂತ ಬರೆದೋರು ನೀವು. ಎರಡೇ ಪ್ರಶ್ನೆ ಕೇಳ್ತೀನಿ. ಇಲ್ಲಿ ಊರು ಅಂತ ನೀವು ಬರೆದಿರೋದು ಯಾವ ಅರ್ಥದಲ್ಲಿ?’

ಅಧಿಕಾರಿ ನೆನಪು ಮಾಡ್ಕೊಂಡ್ರು. ಬರೆಯೋವಾಗ ಅವರ ಮನಸ್ಸಲ್ಲಿ ಇದ್ದಿದ್ದು ವಾಸದ ಜಾಗಾನೇ. ನಿಜ ತಾನೇ?

‘ವಾಸದ ಜಾಗ ಅನ್ನೋ ಅರ್ಥದಲ್ಲಿ ಸ್ವಾಮಿ.’

‘ನಿಮ್ಮೂರು ಯಾವುದು?’

ಈಗ ನೋಡಿ ಗುರುಸಿದ್ದಪ್ಪನೋರೇ, ಈಗ! ಅಧಿಕಾರಿಗೆ ಎಲ್ಲಾ ಹೊಳೆದುಹೋಯ್ತು. ಕೇಳಿದ ಕೂಡಲೇ ಅವರ ನಾಲಿಗೆ ತುದಿಗೆ ಬಂದಿದ್ದು ನೇರಲಗುಂದಿ. ಸಣ್ಣೀರಮ್ಮನ ನಾಲಿಗೆಗೂ ಹೀಗೇ ಜಾಲಿಹಾಳು ಬಂದಿರತ್ತೆ. ತಾನು ಬರೆದಿದ್ದು ಒಂದು, ಜನ ಕೇಳಿಸ್ಕೊಂಡಿದ್ದು ಇನ್ನೊಂದು! ‘ಸ್ವಾಮಿ, ಊರು ಕೇಳಿದ್ರೆ ನಾನೂ ನೇರಲಗುಂದಿ ಅಂತೀನಿ, ಇರೋದು ಮಾತ್ರ ಇಲ್ಲೇ.’ ಇಷ್ಟೇ ಮಾತು, ಒಂದೇ ಉಸಿರು. ಅಷ್ಟು ಹೇಳಿದ್ರೆ ಮುನ್ನೂರ ನಲವತ್ತು ಹೆಸರೂ ವಾಪಸ್ಸು. ಅಷ್ಟು ಹೇಳಿದ್ರೆ ತಮ್ಮ ಕತೆ ಮುಗೀತು. ಆ ಮಾತು ಗಂಟಲವರೆಗೂ ಬಂತು. ಗೋಡೆ ಹತ್ರ ಸಣ್ಣೀರಮ್ಮ ರೆಪ್ಪೆ ಹೊಡೀದೇ ಇವರನ್ನೇ ನೋಡ್ತಿದ್ಲು. ವಕೀಲ ಕೆಮ್ಮಿದ.

‘ನೇರಲಗುಂದಿ ಸ್ವಾಮಿ.’

‘ಇನ್ನೇನಾದ್ರೂ ಹೇಳೋದಿದ್ಯಾ?’

ಅಧಿಕಾರಿ ವಕೀಲನ ಕಡೆ ನೋಡಿದ್ರು.

‘ಇಲ್ಲ ಸ್ವಾಮಿ.’

ಮುಗೀತು. ಅರ್ಜೀಲಿ ಊರು ಅಂದ್ರೆ ವಾಸದ ಜಾಗ. ಅಧಿಕಾರಿ ಊರು ನೇರಲಗುಂದಿ, ಹಾಗಾಗಿ ಅವರ ಓಟು ಸರಿ, ಕುರ್ಚಿ ಭದ್ರ. ಸಣ್ಣೀರಮ್ಮನ ಊರು ಜಾಲಿಹಾಳು, ಹಾಗಾಗಿ ಅವಳ ಹೆಸರು ಕಿತ್ತಿದ್ದೂ ಸರಿ. ಒಂದೇ ಮಾತಿಗೆ ಎರಡು ಕೇಸೂ ಬಿದ್ದೋಯ್ತು. ವಕೀಲ ಓಡಿ ಬಂದು ಕೈ ಕುಲುಕಿದ, ‘ಒಂದಕ್ಷರ ಸುಳ್ಳಿಲ್ಲ ಸಾರ್, ಒಂದಕ್ಷರ!’ ಅಂದ. ಅಧಿಕಾರಿಗೂ ಅದೇ ಸಮಾಧಾನ. ಹೌದಲ್ಲ, ಒಂದಕ್ಷರ ಸುಳ್ಳಿಲ್ಲ.

ಕೋರ್ಟಿನ ಮೆಟ್ಟಿಲು ಇಳಿದು ಗೇಟಿಗೆ ಬಂದ್ರೆ ಪಕ್ಕದಲ್ಲೇ ಸಣ್ಣೀರಮ್ಮ! ಅಳು ಇಲ್ಲ, ಬೈಗುಳ ಇಲ್ಲ. ದಿನಾ ಬಟ್ಟೆ ತಗೊಳ್ಳೋಕೆ ಬಂದಾಗ ಮಾತಾಡಿಸೋ ಹಾಗೇ ಕೇಳಿದ್ಲು.

‘ಹೊಂಟ್ರಾ ಸಾರ್? ಊರ್ಗಾ?’

ಜೀವ ಹಗುರಾಗಿತ್ತಲ್ಲ, ಅಧಿಕಾರಿ ಯೋಚ್ನೇನೇ ಮಾಡ್ಲಿಲ್ಲ.

‘ಊರಿಗೆಲ್ಲಿ ಸಣ್ಣೀರಮ್ಮಾ? ಮನೆಗೆ.’

ಅಂದ್ಬಿಟ್ರು! ಅಂದ ಮೇಲೆ ಅಲ್ಲೇ ನಿಂತುಬಿಟ್ರು. ಸುತ್ತ ಯಾರೂ ಇಲ್ಲ. ನ್ಯಾಯಾಧೀಶರಿಲ್ಲ, ಬರ್ಕೊಳ್ಳೋರಿಲ್ಲ. ಸಣ್ಣೀರಮ್ಮ ತಲೆ ಆಡಿಸಿದ್ಲು.

‘ಹೋಗಿ ಸಾರ್. ಸೋಮಾರ ಬಟ್ಟೆ ಇಸ್ಕೊಳ್ಳಾಕೆ ಮನೇತಾವ್ಲೇ ಬತ್ತೀನಿ.’

ಇಷ್ಟು ಹೇಳಿ ಗುರುಗಳು ಕತೆ ನಿಲ್ಸಿದ್ರು. ಗುರುಸಿದ್ದಪ್ಪ ಬೆರಳು ಮಡಚಿ ಲೆಕ್ಕ ಹಾಕಿದ್ರು. ಆಮೇಲೆ ಕೇಳಿದ್ರು, “ಅಲ್ಲ ಬುದ್ಧಿ, ಇದ್ರಲ್ಲಿ ಸುಳ್ಳು ಎಲ್ಲಿ ಬಂತು? ಒಳಗೆ ಹೇಳಿದ್ದೂ ನಿಜ. ಹೊರಗೆ ಹೇಳಿದ್ದೂ ನಿಜ.”

“ಎರಡೂ ನಿಜಾನೇ ಗುರುಸಿದ್ದಪ್ಪನೋರೇ. ಆದ್ರೆ ಬೇರೆಯೋರಿಗೆ ನಷ್ಟ ಆಗೋ ನಿಜಾನ ಕೋರ್ಟಲ್ಲಿ ಹೇಳಿದ್ರು, ತಮಗೆ ನಷ್ಟ ಆಗೋ ನಿಜಾನ ಬೀದೀಲಿ ಹೇಳಿದ್ರು.”